ಸಿನ್ಸ್ ಎಲ್ಲಿ, ಫಾರ್ ಎಲ್ಲಿ? ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

‘ಅವನು ಎರಡು ಗಂಟೆಯಿಂದ ಕಾಯುತ್ತಿದ್ದಾನೆ.’

ಈ ವಾಕ್ಯವನ್ನು ಇಂಗ್ಲಿಷ್‌ನಲ್ಲಿ ಹೇಳಬೇಕು ಅಂದುಕೊಳ್ಳಿ. ಹೇಳುವ ಮೊದಲು ಒಂದು ವಿಷಯ ಗೊತ್ತಾಗಬೇಕು. ಗಡಿಯಾರದಲ್ಲಿ ಎರಡು ಹೊಡೆದಾಗ ಬಂದವನು ಇನ್ನೂ ಕಾಯುತ್ತಿದ್ದಾನಾ? ಅಥವಾ ಅವನು ಬಂದು ಎರಡು ಗಂಟೆ ಹೊತ್ತಾಯಿತಾ? ಕನ್ನಡದ ವಾಕ್ಯ ಎರಡಕ್ಕೂ ಸರಿಹೋಗುತ್ತದೆ. ಎದುರಿಗಿದ್ದವರಿಗೆ ಸಂದರ್ಭದಿಂದಲೇ ಅರ್ಥವಾಗುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಂಗ್ಲಿಷ್ ಮಾತ್ರ ಇಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು ಅನ್ನುತ್ತದೆ. ಮೊದಲ ಅರ್ಥಕ್ಕೆ ‘ಸಿನ್ಸ್ ಟೂ ಓ ಕ್ಲಾಕ್’. ಎರಡನೆಯದಕ್ಕೆ ‘ಫಾರ್ ಟೂ ಅವರ್ಸ್’.

ಶಾಲೆಯಲ್ಲಿ ಕಲಿತ ಸೂತ್ರ ಹೆಚ್ಚಿನವರಿಗೆ ನೆನಪಿದೆ. ಶುರುವಾದ ಸಮಯಕ್ಕೆ ಸಿನ್ಸ್, ಅವಧಿಗೆ ಫಾರ್. ಸೂತ್ರದಲ್ಲಿ ತಪ್ಪಿಲ್ಲ. ಆದರೂ ಚೆನ್ನಾಗಿ ಇಂಗ್ಲಿಷ್ ಬಲ್ಲವರ ಬಾಯಲ್ಲೂ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂತ ಬಂದುಬಿಡುತ್ತದೆ. ಕಾರಣ ನಮ್ಮ ‘ಇಂದ’. ಈ ಪುಟ್ಟ ಪ್ರತ್ಯಯ ಕನ್ನಡದಲ್ಲಿ ಒಬ್ಬಂಟಿಯಾಗಿ ಮಾಡುವ ಕೆಲಸ ಇಂಗ್ಲಿಷ್‌ನಲ್ಲಿ ಎರಡು ಪಾಲಾಗುತ್ತದೆ. ಒಂದು ಪಾಲು ಸಿನ್ಸ್ ಅಥವಾ ಫಾರ್‌ಗೆ ಹೋಗುತ್ತದೆ. ಇನ್ನೊಂದು ಪಾಲು, ನನ್ನ ಪ್ರಕಾರ ಅದೇ ದೊಡ್ಡದು, ಕ್ರಿಯಾಪದಕ್ಕೆ ಹೋಗುತ್ತದೆ. ಸೂತ್ರ ಮೊದಲ ಪಾಲನ್ನು ಮಾತ್ರ ಹೇಳಿಕೊಡುತ್ತದೆ. ಹಾಗಾಗಿ ಈ ಬರಹದಲ್ಲಿ ಕ್ರಿಯಾಪದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇದು ಕನ್ನಡಿಗರ ತೊಂದರೆ ಮಾತ್ರ ಅಂತ ಬೇಸರ ಮಾಡಿಕೊಳ್ಳಬೇಡಿ. ಹಿಂದಿಯ ‘ಸೇ’, ಜರ್ಮನ್ ಭಾಷೆಯ ‘ಜೈಟ್’, ಫ್ರೆಂಚಿನ ‘ದೆಪ್ವಿ’ ಇವೆಲ್ಲವೂ ನಮ್ಮ ‘ಇಂದ’ದ ಹಾಗೆಯೇ. ಶುರುವಾದ ಸಮಯಕ್ಕೂ ಅವೇ, ಅವಧಿಗೂ ಅವೇ. ಅವುಗಳ ಜೊತೆಗೆ ಸಾಮಾನ್ಯವಾಗಿ ವರ್ತಮಾನ ಕಾಲವೇ ಬರುತ್ತದೆ. ಅಲ್ಲಿನವರೂ ಇಂಗ್ಲಿಷ್ ಕಲಿಯುವಾಗ ಇದೇ ಜಾಗದಲ್ಲಿ ಎಡವುತ್ತಾರೆ.

ಹೆಜ್ಜೆ 1: ‘ಇಂದ’ ತೆಗೆದು, ಉಳಿದ ಪದವನ್ನು ನೋಡಿ

ಮೊದಲ ಕೆಲಸ ಸುಲಭ. ವಾಕ್ಯದಲ್ಲಿ ಕಾಲ ಹೇಳುವ ಪದದಿಂದ ‘ಇಂದ’ವನ್ನು ಕಳಚಿ. ಉಳಿದ ಪದ ‘ಯಾವಾಗ?’ ಅನ್ನುವ ಪ್ರಶ್ನೆಗೆ ಉತ್ತರವೋ, ‘ಎಷ್ಟು ಹೊತ್ತು?’ ಅನ್ನುವುದಕ್ಕೆ ಉತ್ತರವೋ ಕೇಳಿಕೊಳ್ಳಿ.

‘ಸೋಮವಾರದಿಂದ’ ಅನ್ನುವುದರಲ್ಲಿ ಉಳಿಯುವುದು ಸೋಮವಾರ. ಯಾವಾಗ? ಸೋಮವಾರ. ಹಾಗಾದರೆ ಸಿನ್ಸ್. ‘ಮೂರು ವಾರದಿಂದ’ ಅನ್ನುವುದರಲ್ಲಿ ಉಳಿಯುವುದು ಮೂರು ವಾರ. ಅದು ‘ಯಾವಾಗ’ಕ್ಕೆ ಉತ್ತರವಲ್ಲ, ‘ಎಷ್ಟು ದಿನ’ಕ್ಕೆ ಉತ್ತರ. ಹಾಗಾದರೆ ಫಾರ್.

ದನ ಕಟ್ಟುವ ಗೂಟ ಮತ್ತು ಹಗ್ಗವನ್ನು ನೆನಪಿಸಿಕೊಂಡರೆ ಇದು ಮರೆಯುವುದಿಲ್ಲ. ಸಿನ್ಸ್ ತೋರಿಸುವುದು ಗೂಟ ನೆಟ್ಟ ಜಾಗವನ್ನು. ಫಾರ್ ಹೇಳುವುದು ಹಗ್ಗದ ಉದ್ದವನ್ನು.

ಸಿನ್ಸ್ ಪದದ ಹುಟ್ಟೂ ಇದನ್ನೇ ಹೇಳುತ್ತದೆ. ಹಳೆಯ ಇಂಗ್ಲಿಷ್‌ನಲ್ಲಿ ಅದರ ಮೂಲರೂಪಕ್ಕೆ ‘ಅದಾದ ಮೇಲೆ’ ಅನ್ನುವ ಅರ್ಥವಿತ್ತು. ಯಾವುದಾದ ಮೇಲೆ? ಒಂದು ದಿನ, ಒಂದು ಗಳಿಗೆ, ಒಂದು ಘಟನೆ ಮುಂದೆ ಇರಲೇಬೇಕು. ‘ಐದು ವರ್ಷ ಆದ ಮೇಲೆ’ ಅಂದರೆ ಬೇರೆಯದೇ ಮಾತಾಗುತ್ತದೆ, ಅಲ್ವಾ?

ಇಲ್ಲಿ ಹಲವರು ಹಿಡಿಯುವ ಒಂದು ಅಡ್ಡದಾರಿ ಇದೆ. ‘ಅಂಕಿ ಕಂಡರೆ ಫಾರ್ ಹಾಕು’ ಅನ್ನುವುದು. ಇದನ್ನು ನಂಬಬೇಡಿ. ‘2019ರಿಂದ’ ಅನ್ನುವುದರಲ್ಲಿ ಅಂಕಿ ಇದೆ, ಆದರೆ ಅದು ಗೂಟ. ಆದ್ದರಿಂದ ‘ಸಿನ್ಸ್ 2019’. ‘ಮೂರನೇ ತರಗತಿಯಿಂದ’ ಅಂದರೆ ‘ಸಿನ್ಸ್ ಥರ್ಡ್ ಸ್ಟ್ಯಾಂಡರ್ಡ್’. ‘ಹತ್ತನೇ ವಯಸ್ಸಿನಿಂದ’ ಅಂದರೆ ‘ಸಿನ್ಸ್ ದಿ ಏಜ್ ಆಫ್ ಟೆನ್’. ಅಂಕಿಯನ್ನು ನೋಡಬೇಡಿ, ಅದು ಏನನ್ನು ಅಳೆಯುತ್ತಿದೆ ಅಂತ ನೋಡಿ.

ಅಂಕಿಯೇ ಇಲ್ಲದ ಅವಧಿಗಳೂ ಇವೆ. ಜಾಸ್ತಿ ತಪ್ಪಾಗುವುದು ಅಲ್ಲೇ. ‘ತುಂಬಾ ದಿನದಿಂದ’, ‘ಬಹಳ ಕಾಲದಿಂದ’, ‘ಎಷ್ಟೋ ವರ್ಷದಿಂದ’ ಇವೆಲ್ಲ ಉದ್ದಗಳೇ. ಎಷ್ಟು ಉದ್ದ ಅಂತ ಹೇಳಿಲ್ಲ, ಅಷ್ಟೇ. ಹಾಗಾಗಿ ‘ಫಾರ್ ಎ ಲಾಂಗ್ ಟೈಮ್’, ‘ಫಾರ್ ಮೆನಿ ಇಯರ್ಸ್’, ‘ಫಾರ್ ಏಜಸ್’. ಕಚೇರಿಯ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ‘ಸಿನ್ಸ್ ಲಾಂಗ್’ ಅನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ. ಅದನ್ನೇ ತಿರುಗಿಸಿದ ‘ಲಾಂಗ್ ಸಿನ್ಸ್’ ಅನ್ನುವ ಪ್ರಯೋಗ ಇಂಗ್ಲಿಷ್‌ನಲ್ಲಿ ಇದೆ. ಅದರ ಅರ್ಥ ‘ಎಂದೋ, ಬಹಳ ಹಿಂದೆಯೇ’ ಅಂತ. ‘ಹಿ ಹ್ಯಾಸ್ ಲಾಂಗ್ ಸಿನ್ಸ್ ಲೆಫ್ಟ್’ ಅಂದರೆ ಅವನು ಹೋಗಿ ಬಹಳ ಕಾಲವಾಯಿತು.

ಇನ್ನು ‘ಚಿಕ್ಕಂದಿನಿಂದ’, ‘ಆವತ್ತಿನಿಂದ’, ‘ಕೆಲಸಕ್ಕೆ ಸೇರಿದಾಗಿನಿಂದ’ ಇವೆಲ್ಲ ಗೂಟಗಳು. ‘ಸಿನ್ಸ್ ಚೈಲ್ಡ್‌ಹುಡ್’, ‘ಸಿನ್ಸ್ ದೆನ್’, ‘ಸಿನ್ಸ್ ಐ ಜಾಯಿನ್ಡ್’. ‘ಆಗಿನಿಂದ’ ಅಂತ ಮುಗಿಯುವ ಮಾತು ಕಂಡರೆ ಕಣ್ಣು ಮುಚ್ಚಿ ಸಿನ್ಸ್ ಹಾಕಬಹುದು. ಅದರ ಮುಂದೆ ಬರುವ ಘಟನೆ ಸಾಮಾನ್ಯವಾಗಿ ಸರಳ ಭೂತಕಾಲದಲ್ಲಿ ಇರುತ್ತದೆ. ಜಾಯಿನ್ಡ್, ಲೆಫ್ಟ್, ವಾಸ್, ಹೀಗೆ.

‘ಲಾಸ್ಟ್’ ಅನ್ನುವ ಪದ ಬಂದಾಗ

ಇದಕ್ಕೆ ಬೇರೆಯಾಗಿಯೇ ಸ್ವಲ್ಪ ಜಾಗ ಕೊಡುತ್ತೇನೆ. ‘ಸಿನ್ಸ್ ಲಾಸ್ಟ್ ಟೂ ಇಯರ್ಸ್’ ಅನ್ನುವುದು ಬಹುಶಃ ನಮ್ಮಲ್ಲಿ ಅತಿ ಹೆಚ್ಚು ಕೇಳಿಬರುವ ರೂಪ. ‘ಕಳೆದ ಎರಡು ವರ್ಷಗಳಿಂದ’ ಅನ್ನುವುದರ ನೇರ ಅನುವಾದ ಅದು. ಕಳೆದ ಎರಡು ವರ್ಷ ಅನ್ನುವುದು ಉದ್ದ. ಆದ್ದರಿಂದ ಸರಿಯಾದ ರೂಪ ‘ಫಾರ್ ದ ಲಾಸ್ಟ್ ಟೂ ಇಯರ್ಸ್’. ಆ ‘ದ’ ಬಿಡಬೇಡಿ.

ಈ ‘ದ’ ಎಷ್ಟು ಮುಖ್ಯ ಅಂತ ನೋಡಿ. ಈಗ 2025ರ ಜೂನ್ ಅಂದುಕೊಳ್ಳೋಣ. ‘ಸಿನ್ಸ್ ಲಾಸ್ಟ್ ಇಯರ್’ ಅಂದರೆ 2024ರಲ್ಲಿ ಯಾವಾಗಲೋ ಶುರುವಾಗಿದೆ ಅಂತ ಅರ್ಥ. ಜನವರಿಯಲ್ಲಿ ಶುರುವಾಗಿದ್ದರೆ 17 ತಿಂಗಳಾಗಿದೆ, ಡಿಸೆಂಬರ್‌ನಲ್ಲಿ ಆಗಿದ್ದರೆ 6 ತಿಂಗಳು. ‘ಫಾರ್ ದ ಲಾಸ್ಟ್ ಇಯರ್’ ಅಂದರೆ ಇಂದಿನಿಂದ ಹಿಂದಕ್ಕೆ ಎಣಿಸಿದ 12 ತಿಂಗಳು. ಎರಡೂ ಸರಿಯಾದ ಇಂಗ್ಲಿಷ್, ಅರ್ಥ ಮಾತ್ರ ಬೇರೆ. ‘ಲಾಸ್ಟ್ ವೀಕ್’, ‘ದ ಲಾಸ್ಟ್ ವೀಕ್’ಗೂ ಇದೇ ವ್ಯತ್ಯಾಸ.

ಹೆಜ್ಜೆ 2: ಕ್ರಿಯಾಪದದಲ್ಲಿ ‘ಇಂದ’ವನ್ನು ಹುಡುಕಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಎರಡು ವಾಕ್ಯ ನೋಡಿ.

ನಾನು ಅಲ್ಲಿ ಐದು ವರ್ಷ ಕೆಲಸ ಮಾಡಿದೆ.
ನಾನು ಅಲ್ಲಿ ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ.

ಮೊದಲನೆಯದು ಮುಗಿದ ಕತೆ. ಎರಡನೆಯದು ಇನ್ನೂ ನಡೆಯುತ್ತಿದೆ. ಐದು ವರ್ಷ ಎರಡರಲ್ಲೂ ಇದೆ. ಆದರೆ ಆ ಐದು ವರ್ಷವನ್ನು ಇವತ್ತಿನ ದಿನಕ್ಕೆ ಕಟ್ಟಿರುವುದು ‘ಇಂದ’. ಇಂಗ್ಲಿಷ್‌ನಲ್ಲಿ ಎರಡಕ್ಕೂ ‘ಫಾರ್ ಫೈವ್ ಇಯರ್ಸ್’ ಅಂತಲೇ ಬರುತ್ತದೆ! ಹಾಗಾದರೆ ಆ ಕಟ್ಟುವ ಕೆಲಸ ಯಾರು ಮಾಡುತ್ತಾರೆ? ಕ್ರಿಯಾಪದ.

ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್. (ಈಗ ಅಲ್ಲಿಲ್ಲ.)
ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್. (ಈಗಲೂ ಅಲ್ಲೇ ಇದ್ದೇನೆ.)

ಒಂದು ‘ಹ್ಯಾವ್’ನಿಂದ ನೀವು ಕೆಲಸ ಬಿಟ್ಟಿದ್ದೀರೋ ಇಲ್ಲವೋ ಅನ್ನುವುದೇ ತಿಳಿದುಬಿಡುತ್ತದೆ. ಸಂದರ್ಶನಕ್ಕೆ ಹೋಗುವವರು, ಅರ್ಜಿ ಬರೆಯುವವರು ಈ ಎರಡು ಸಾಲನ್ನು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ.

ನಾವು ಸಾಮಾನ್ಯವಾಗಿ ‘ಮಾಡುತ್ತಿದ್ದೇನೆ’ ಅನ್ನುವುದನ್ನು ನೇರವಾಗಿ ‘ಐ ಆ್ಯಮ್ ಡೂಯಿಂಗ್’ ಅಂತ ಮಾಡಿಕೊಳ್ಳುತ್ತೇವೆ. ‘ಇಂದ’ ಇಲ್ಲದಾಗ ಅದು ಸರಿ. ‘ಇಂದ’ ಬಂದ ಕೂಡಲೇ ಅದು ಸಾಲುವುದಿಲ್ಲ. ‘ಆ್ಯಮ್ ಡೂಯಿಂಗ್’ ಈ ಕ್ಷಣವನ್ನು ತೋರಿಸುತ್ತದೆ, ಹಿಂದಿನಿಂದ ಇಲ್ಲಿಯವರೆಗೆ ಬಂದ ದಾರಿಯನ್ನು ತೋರಿಸುವ ಶಕ್ತಿ ಅದಕ್ಕಿಲ್ಲ. ಅದಕ್ಕೆ ‘ಹ್ಯಾವ್ ಬೀನ್ ಡೂಯಿಂಗ್’ ಬೇಕು. ನನ್ನನ್ನು ಕೇಳಿದರೆ, ಕನ್ನಡದ ‘ಇಂದ’ಕ್ಕೆ ಇಂಗ್ಲಿಷ್‌ನಲ್ಲಿ ಅತಿ ಹತ್ತಿರದ ನೆಂಟ ಸಿನ್ಸ್ ಅಲ್ಲ, ಈ ‘ಹ್ಯಾವ್ ಬೀನ್’.

ಇಲ್ಲಿ ತಪ್ಪಿದರೆ ಕೆಲವೊಮ್ಮೆ ವ್ಯಾಕರಣ ಮಾತ್ರವಲ್ಲ, ಅರ್ಥವೇ ಕೆಡುತ್ತದೆ. ‘ನಾನು ಎರಡು ವಾರದಿಂದ ಇಲ್ಲಿದ್ದೇನೆ’ ಅನ್ನಲು ಒಬ್ಬರು ‘ಐ ಆ್ಯಮ್ ಹಿಯರ್ ಫಾರ್ ಟೂ ವೀಕ್ಸ್’ ಅಂದರು ಅಂದುಕೊಳ್ಳಿ. ಕೇಳಿದವರು ಅರ್ಥ ಮಾಡಿಕೊಳ್ಳುವುದು ‘ನಾನು ಎರಡು ವಾರಕ್ಕೆ ಅಂತ ಬಂದಿದ್ದೇನೆ’ ಎಂದು. ಅಂದರೆ ಇರುವುದೇ ಒಟ್ಟು ಎರಡು ವಾರ. ಇವರು ಹೇಳಬೇಕಾದದ್ದು ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ವೀಕ್ಸ್’. ಕನ್ನಡದಲ್ಲಿ ‘ವಾರದಿಂದ’, ‘ವಾರಕ್ಕೆ’ ಅಂತ ಪ್ರತ್ಯಯ ಬದಲಾಗುವ ಕಡೆ ಇಂಗ್ಲಿಷ್‌ನಲ್ಲಿ ಕ್ರಿಯಾಪದ ಬದಲಾಗುತ್ತದೆ. ಫಾರ್ ಸುಮ್ನೆ ಇದ್ದಲ್ಲೇ ಇರುತ್ತದೆ.

ಈ ‘ಹ್ಯಾವ್ ಬೀನ್’ ಜೊತೆಗೆ ಎಲ್ಲಾ ಕ್ರಿಯಾಪದಕ್ಕೂ ‘ಇಂಗ್’ ಸೇರಿಸಲು ಆಗುವುದಿಲ್ಲ. ಗೊತ್ತಿರುವುದು, ಇರುವುದು, ಇಟ್ಟುಕೊಂಡಿರುವುದು, ನಂಬುವುದು ಇಂಥವು ಮಾಡುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ‘ಅವರು ನನಗೆ ಹತ್ತು ವರ್ಷದಿಂದ ಗೊತ್ತು’ ಅನ್ನಲು ‘ಐ ಹ್ಯಾವ್ ನೋನ್ ದೆಮ್ ಫಾರ್ ಟೆನ್ ಇಯರ್ಸ್’. ‘ಹ್ಯಾವ್ ಬೀನ್ ನೋಯಿಂಗ್’ ಅಲ್ಲ. ‘ಈ ಫೋನ್ 2021ರಿಂದ ನನ್ನ ಹತ್ತಿರ ಇದೆ’ ಅನ್ನಲು ‘ಐ ಹ್ಯಾವ್ ಹ್ಯಾಡ್ ದಿಸ್ ಫೋನ್ ಸಿನ್ಸ್ 2021’. ‘ಹ್ಯಾವ್ ಹ್ಯಾಡ್’ ಅಂತ ಒಟ್ಟೊಟ್ಟಿಗೆ ಬಂದಾಗ ಏನೋ ತಪ್ಪಾಯಿತು ಅನ್ನಿಸಬಹುದು. ತಪ್ಪಿಲ್ಲ, ಧೈರ್ಯವಾಗಿ ಹೇಳಿ. ‘ಲಿವ್’, ‘ವರ್ಕ್’ ಇಂಥವಕ್ಕೆ ಎರಡೂ ರೂಪ ನಡೆಯುತ್ತದೆ.

ಇಲ್ಲ ಅನ್ನುವ ವಾಕ್ಯಗಳು ನಮಗೆ ಸುಲಭ. ‘ಮೂರು ದಿನದಿಂದ ಅವನನ್ನು ನೋಡಿಲ್ಲ’ ಅನ್ನುವಾಗ ಕನ್ನಡವೇ ‘ನೋಡಿಲ್ಲ’ ಅಂತ ದಾರಿ ತೋರಿಸುತ್ತದೆ. ‘ಐ ಹ್ಯಾವಂಟ್ ಸೀನ್ ಹಿಮ್ ಫಾರ್ ತ್ರೀ ಡೇಸ್.’ ಸೋಮವಾರದಿಂದ ನೋಡಿಲ್ಲ ಅಂದರೆ ಕೊನೆಗೆ ‘ಸಿನ್ಸ್ ಮಂಡೇ’.

ಹೆಜ್ಜೆ 3: ‘ಆಯ್ತು’ ಅನ್ನುವ ವಾಕ್ಯಗಳನ್ನು ಬೇರೆಯಾಗಿ ಕಲಿಯಿರಿ

ಕನ್ನಡದಲ್ಲಿ ಇದೇ ವಿಷಯವನ್ನು ಹೇಳಲು ಇನ್ನೊಂದು ಚೆಂದದ ದಾರಿ ಇದೆ. ‘ಅವಳನ್ನು ನೋಡಿ ಎರಡು ವರ್ಷ ಆಯ್ತು.’ ಇದಕ್ಕೆ ಇಂಗ್ಲಿಷ್‌ನಲ್ಲಿ ಸರಿಸಮಾನವಾದ ರೂಪ ಇದೆ: ‘ಇಟ್ಸ್ ಬೀನ್ ಟೂ ಇಯರ್ಸ್ ಸಿನ್ಸ್ ಐ ಸಾ ಹರ್.’

ಎರಡು ವರ್ಷ ಅನ್ನುವ ಅವಧಿ ಇದ್ದೂ ಸಿನ್ಸ್ ಯಾಕೆ ಬಂತು ಅಂತ ಕೇಳಬಹುದು. ಸಿನ್ಸ್ ಎಲ್ಲಿ ಕೂತಿದೆ ಅಂತ ನೋಡಿ. ಅದರ ಮುಂದೆ ಇರುವುದು ‘ಐ ಸಾ ಹರ್’, ಅವಳನ್ನು ನೋಡಿದ ಆ ದಿನ. ಅದು ಗೂಟವೇ. ಎರಡು ವರ್ಷ ಸಿನ್ಸ್‌ನ ಹಿಂದೆ ಇದೆ. ಯಾವ ಪದ ಆರಿಸಬೇಕು ಅನ್ನುವುದನ್ನು ನಿರ್ಧರಿಸುವುದು ಅದರ ಮುಂದೆ ಬರುವ ಮಾತು ಮಾತ್ರ.

ಬರುವುದು, ಸೇರುವುದು, ಮದುವೆಯಾಗುವುದು ಇವೆಲ್ಲ ಒಂದು ಗಳಿಗೆಯಲ್ಲಿ ಆಗಿ ಮುಗಿಯುತ್ತವೆ. ಅವನ್ನು ಎರಡು ವರ್ಷ ಎಳೆಯಲು ಆಗುವುದಿಲ್ಲ. ‘ಅವನು ಬಂದು ಎರಡು ದಿನ ಆಯ್ತು’ ಅನ್ನುವುದನ್ನು ‘ಹಿ ಹ್ಯಾಸ್ ಕಮ್ ಸಿನ್ಸ್ ಟೂ ಡೇಸ್’ ಅಂದರೆ ಎರಡು ಕಡೆ ತಪ್ಪು. ಎರಡು ಸರಿಯಾದ ದಾರಿಗಳಿವೆ. ಬಂದ ಘಟನೆಯನ್ನು ಹೇಳುವುದಾದರೆ ‘ಹಿ ಕೇಮ್ ಟೂ ಡೇಸ್ ಅಗೋ’. ಬಂದ ಮೇಲೆ ಇಲ್ಲೇ ಇರುವುದನ್ನು ಹೇಳುವುದಾದರೆ ‘ಹಿ ಹ್ಯಾಸ್ ಬೀನ್ ಹಿಯರ್ ಫಾರ್ ಟೂ ಡೇಸ್’. ಹಾಗೆಯೇ ‘ಮದುವೆಯಾಗಿ ಹತ್ತು ವರ್ಷ ಆಯ್ತು’ ಅನ್ನಲು ‘ದೇ ಹ್ಯಾವ್ ಬೀನ್ ಮ್ಯಾರೀಡ್ ಫಾರ್ ಟೆನ್ ಇಯರ್ಸ್’.

‘ಅಗೋ’ ಅಂದರೆ ‘ಹಿಂದೆ’. ಅದು ಬಂದ ಕಡೆ ಸರಳ ಭೂತಕಾಲ. ‘ಸಿನ್ಸ್ ಫೈವ್ ಇಯರ್ಸ್ ಅಗೋ’ ಅಂತ ಎರಡನ್ನೂ ಸೇರಿಸಿ ಹೇಳುವ ಬದಲು ‘ಫಾರ್ ಫೈವ್ ಇಯರ್ಸ್’ ಅನ್ನಿ, ಮುಗಿಯಿತು.

ಹೆಜ್ಜೆ 4: ಇದು ಸಿನ್ಸ್ ಅಲ್ಲ, ‘ಫ್ರಮ್’ ಅಲ್ಲವೇ ಅಂತ ಪರೀಕ್ಷಿಸಿ

ಕನ್ನಡದ ‘ಇಂದ’ ಮುಂದೆ ಬರುವ ದಿನಗಳಿಗೂ ಹೋಗುತ್ತದೆ. ‘ನಾಳೆಯಿಂದ ಬರುತ್ತೇನೆ.’ ಸಿನ್ಸ್ ಅಲ್ಲಿಗೆ ಹೋಗುವುದೇ ಇಲ್ಲ. ಅದು ಯಾವಾಗಲೂ ಹಿಂದಕ್ಕೆ ತಿರುಗಿ ನೋಡುವ ಪದ. ‘ನಾಳೆಯಿಂದ’ ಅನ್ನಲು ‘ಫ್ರಮ್ ಟುಮಾರೋ’. ಎರಡು ತುದಿ ಇರುವ ಮಾತಿಗೂ ಫ್ರಮ್ ಬೇಕು. ‘ಸೋಮವಾರದಿಂದ ಶುಕ್ರವಾರದವರೆಗೆ’ ಅಂದರೆ ‘ಫ್ರಮ್ ಮಂಡೇ ಟು ಫ್ರೈಡೇ’. ‘ವರೆಗೆ’ ಕಂಡರೆ ಸಿನ್ಸ್ ಮರೆತುಬಿಡಿ.

ಫಾರ್‌ಗೆ ಈ ಕಟ್ಟುಪಾಡು ಇಲ್ಲ. ‘ಐ ವಿಲ್ ಸ್ಟೇ ಫಾರ್ ಎ ವೀಕ್’, ‘ಶಿ ವಾಕ್ಸ್ ಫಾರ್ ಆ್ಯನ್ ಅವರ್ ಎವ್ರಿ ಡೇ’, ‘ವಿ ಟಾಕ್ಡ್ ಫಾರ್ ಟೆನ್ ಮಿನಿಟ್ಸ್’. ಹಿಂದೆ, ಈಗ, ಮುಂದೆ, ಎಲ್ಲಾ ಕಡೆಗೂ ಉದ್ದ ಅಳೆಯಬಹುದು.

ಹೆಜ್ಜೆ 5: ಪ್ರಶ್ನೆ ಕೇಳುವುದನ್ನು ಸರಿಪಡಿಸಿಕೊಳ್ಳಿ

‘ಎಷ್ಟು ದಿನದಿಂದ ಹುಷಾರಿಲ್ಲ?’ ಅನ್ನುವುದು ‘ಸಿನ್ಸ್ ಹೌ ಮೆನಿ ಡೇಸ್’ ಅಥವಾ ‘ಫ್ರಮ್ ಹೌ ಲಾಂಗ್’ ಆಗಿಬಿಡುತ್ತದೆ. ಮೊದಲಿಗೆ ಏನನ್ನೂ ಅಂಟಿಸಬೇಡಿ. ಬರೀ ‘ಹೌ ಲಾಂಗ್’ ಸಾಕು. ‘ಹೌ ಲಾಂಗ್ ಹ್ಯಾವ್ ಯು ಬೀನ್ ಇಲ್?’ ಇಲ್ಲೂ ‘ಇಂದ’ದ ಕೆಲಸವನ್ನು ‘ಹ್ಯಾವ್ ಬೀನ್’ ಹೊತ್ತಿದೆ, ಗಮನಿಸಿ.

‘ಸಿನ್ಸ್ ವೆನ್’ ಅನ್ನುವ ಪ್ರಶ್ನೆ ವ್ಯಾಕರಣದ ಪ್ರಕಾರ ಸರಿ. ಆದರೆ ಒಂದೇ ಮಾತಾಗಿ ಕೇಳಿದರೆ ಅದರಲ್ಲಿ ‘ಯಾವಾಗಿನಿಂದಪ್ಪಾ ಇದು?’ ಅನ್ನುವ ಅಚ್ಚರಿ ಅಥವಾ ಆಕ್ಷೇಪದ ದನಿ ಬರಬಹುದು. ಮೇಲಧಿಕಾರಿಯ ಹತ್ತಿರ, ಹೊಸಬರ ಹತ್ತಿರ ‘ಹೌ ಲಾಂಗ್’ ಒಳ್ಳೆಯದು.

ಕೆಲವು ಸಣ್ಣ ವಿಷಯಗಳು

ಫಾರ್ ಅನ್ನು ಕೆಲವೊಮ್ಮೆ ಬಿಡಬಹುದು. ‘ಐ ಹ್ಯಾವ್ ಲಿವ್ಡ್ ಹಿಯರ್ ಟೆನ್ ಇಯರ್ಸ್’ ಅನ್ನುವುದೂ ನಡೆಯುತ್ತದೆ. ಸಿನ್ಸ್ ಬಿಡಲು ಬರುವುದಿಲ್ಲ. ‘ಆಲ್’ ಇದ್ದಾಗ ಫಾರ್ ಹಾಕಬಾರದು. ಇಡೀ ದಿನ ಕಾದೆ ಅನ್ನಲು ‘ಆಲ್ ಡೇ’ ಅಷ್ಟೇ, ‘ಫಾರ್ ಆಲ್ ಡೇ’ ಅಲ್ಲ. ನಮ್ಮಲ್ಲಿ ರೂಢಿಯಲ್ಲಿರುವ ‘ಸಿನ್ಸ್ ಮಾರ್ನಿಂಗ್’ ಅನ್ನು ‘ಸಿನ್ಸ್ ದಿಸ್ ಮಾರ್ನಿಂಗ್’ ಮಾಡಿಕೊಂಡರೆ ಎಲ್ಲಾ ಕಡೆಯೂ ಸಹಜವಾಗಿ ಕೇಳಿಸುತ್ತದೆ.

ಸಿನ್ಸ್‌ಗೆ ‘ಆಗಿರುವುದರಿಂದ, ಇರುವುದರಿಂದ’ ಅನ್ನುವ ಇನ್ನೊಂದು ಅರ್ಥವೂ ಇದೆ. ‘ಸಿನ್ಸ್ ಯು ಆರ್ ಹಿಯರ್, ಲೆಟ್ ಅಸ್ ಬಿಗಿನ್’ ಅಂದರೆ ನೀವು ಬಂದಿದ್ದೀರಲ್ಲ, ಶುರು ಮಾಡೋಣ ಅಂತ. ಇಲ್ಲಿ ಸಮಯದ ಮಾತೇ ಇಲ್ಲ. ಕನ್ನಡದ ‘ಇಂದ’ವೂ ಕಾಲ ಮತ್ತು ಕಾರಣ ಎರಡಕ್ಕೂ ಬರುವುದರಿಂದ ನಮಗೆ ಇದು ಕಷ್ಟವಾಗುವುದಿಲ್ಲ. ಆದರೆ ಬರೆಯುವಾಗ ಎಚ್ಚರ ಬೇಕು. ‘ಸಿನ್ಸ್ ಹಿ ಲೆಫ್ಟ್, ಐ ಹ್ಯಾವ್ ಬೀನ್ ಡೂಯಿಂಗ್ ಹಿಸ್ ವರ್ಕ್’ ಅನ್ನುವುದು ‘ಅವನು ಹೋದಾಗಿನಿಂದ’ ಅಂತಲೂ ಆಗುತ್ತದೆ, ‘ಅವನು ಹೋದದ್ದರಿಂದ’ ಅಂತಲೂ ಆಗುತ್ತದೆ. ಕಾರಣವೇ ಮುಖ್ಯವಾದರೆ ‘ಬಿಕಾಸ್’ ಬಳಸಿ. ಕಾಲವೇ ಮುಖ್ಯವಾದರೆ ‘ಎವರ್ ಸಿನ್ಸ್’ ಅನ್ನಿ. ಫಾರ್‌ಗೂ ‘ಯಾಕೆಂದರೆ’ ಅನ್ನುವ ಅರ್ಥ ಇದೆ. ಅದು ಹೆಚ್ಚಾಗಿ ಹಳೆಯ ಬರಹಗಳಲ್ಲಿ, ಸಾಹಿತ್ಯದಲ್ಲಿ ಸಿಗುತ್ತದೆ. ಓದುವಾಗ ಗೊತ್ತಿದ್ದರೆ ಸಾಕು.

ಹೆಜ್ಜೆ 6: ಈಗ ನೀವೇ ಮಾಡಿ ನೋಡಿ

ಕೆಳಗಿನ ವಾಕ್ಯಗಳನ್ನು ಮೊದಲು ಬಾಯಲ್ಲಿ ಹೇಳಿ, ಆಮೇಲೆ ಉತ್ತರ ಓದಿ. ಪ್ರತಿ ಸಲವೂ ಎರಡೇ ಪ್ರಶ್ನೆ: ‘ಇಂದ’ ತೆಗೆದರೆ ಗೂಟ ಉಳಿಯುತ್ತದೋ, ಉದ್ದ ಉಳಿಯುತ್ತದೋ? ಕೆಲಸ ಇನ್ನೂ ನಡೆಯುತ್ತಿದೆಯೋ, ಮುಗಿದಿದೆಯೋ?

1. ಬೆಳಿಗ್ಗೆಯಿಂದ ಮಳೆ ಸುರಿಯುತ್ತಿದೆ.
2. ಅವಳು ಆರು ತಿಂಗಳಿಂದ ಈಜು ಕಲಿಯುತ್ತಿದ್ದಾಳೆ.
3. ನಾವು ಆ ಮನೆಯಲ್ಲಿ ಎಂಟು ವರ್ಷ ಇದ್ದೆವು.
4. ಶಾಲೆ ಬಿಟ್ಟಾಗಿನಿಂದ ಅವರು ಭೇಟಿಯಾಗಿಲ್ಲ.
5. ಮುಂದಿನ ತಿಂಗಳಿಂದ ನಾನು ರಜೆಯಲ್ಲಿರುತ್ತೇನೆ.
6. ಕಳೆದ ನಾಲ್ಕು ದಿನಗಳಿಂದ ಕರೆಂಟ್ ಇಲ್ಲ.

ಮೊದಲನೆಯದು ‘ಇಟ್ ಹ್ಯಾಸ್ ಬೀನ್ ರೇನಿಂಗ್ ಸಿನ್ಸ್ ದಿಸ್ ಮಾರ್ನಿಂಗ್’. ಎರಡನೆಯದು ‘ಶಿ ಹ್ಯಾಸ್ ಬೀನ್ ಲರ್ನಿಂಗ್ ಟು ಸ್ವಿಮ್ ಫಾರ್ ಸಿಕ್ಸ್ ಮಂತ್ಸ್’. ಮೂರರಲ್ಲಿ ‘ಇಂದ’ವೇ ಇಲ್ಲ, ಕತೆ ಮುಗಿದಿದೆ: ‘ವಿ ಲಿವ್ಡ್ ಇನ್ ದಟ್ ಹೌಸ್ ಫಾರ್ ಎಯ್ಟ್ ಇಯರ್ಸ್’. ನಾಲ್ಕರಲ್ಲಿ ‘ಆಗಿನಿಂದ’ ಇದೆ: ‘ದೇ ಹ್ಯಾವಂಟ್ ಮೆಟ್ ಸಿನ್ಸ್ ದೇ ಲೆಫ್ಟ್ ಸ್ಕೂಲ್’. ಐದು ಮುಂದಿನ ಮಾತು, ಹಾಗಾಗಿ ಸಿನ್ಸ್ ಇಲ್ಲ: ‘ಐ ವಿಲ್ ಬಿ ಆನ್ ಲೀವ್ ಫ್ರಮ್ ನೆಕ್ಸ್ಟ್ ಮಂತ್’. ಆರನೆಯದು ‘ದೇರ್ ಹ್ಯಾಸ್ ಬೀನ್ ನೋ ಪವರ್ ಫಾರ್ ದ ಲಾಸ್ಟ್ ಫೋರ್ ಡೇಸ್’. ಇಲ್ಲಿ ‘ದ’ ಬಿಟ್ಟವರು, ‘ದೇರ್ ಈಸ್’ ಅಂದವರು ಮತ್ತೊಮ್ಮೆ ಹೇಳಿ ನೋಡಿ.

ಇದಾದ ಮೇಲೆ ನಿಮ್ಮ ಬಗ್ಗೆಯೇ ಮೂರು ಸಾಲು ಬರೆಯಿರಿ. ಎಷ್ಟು ವರ್ಷದಿಂದ ಈಗಿನ ಕೆಲಸದಲ್ಲೋ ಓದಿನಲ್ಲೋ ಇದ್ದೀರಿ, ಯಾವ ವರ್ಷದಿಂದ ಈಗಿನ ಮನೆಯಲ್ಲಿದ್ದೀರಿ, ಹಿಂದೆ ಇನ್ನೊಂದು ಕಡೆ ಎಷ್ಟು ಕಾಲ ಇದ್ದು ಬಿಟ್ಟಿರಿ. ಪರಿಚಯ ಹೇಳಿಕೊಳ್ಳುವಾಗ, ಅರ್ಜಿ ತುಂಬುವಾಗ ಮತ್ತೆ ಮತ್ತೆ ಬೇಕಾಗುವುದು ಈ ಮೂರು ಸಾಲುಗಳೇ. ಮೊದಲನೆಯದರಲ್ಲಿ ‘ಹ್ಯಾವ್ ಬೀನ್’ ಮತ್ತು ಫಾರ್, ಎರಡನೆಯದರಲ್ಲಿ ‘ಹ್ಯಾವ್ ಬೀನ್’ ಅಥವಾ ‘ಹ್ಯಾವ್ ಲಿವ್ಡ್’ ಜೊತೆ ಸಿನ್ಸ್, ಮೂರನೆಯದರಲ್ಲಿ ಸರಳ ಭೂತಕಾಲ ಮತ್ತು ಫಾರ್ ಬಂದಿದ್ದರೆ ನೀವು ಬರೆದದ್ದು ಸರಿಯಾಗಿದೆ.